ಸಮಾಜಕಾರ್ಯವೆಂಬ ವೃತ್ತಿ
(ಪದವಿ ತರಗತಿಗಳ ವಿದ್ಯಾರ್ಥಿಸಂಘದ ಮುಂದೆ ಮಾಡಿದ ಭಾಷಣ)



ನಿಮ್ಮ ಸಂಘದ ಕಾರ್ಯದರ್ಶಿಗಳು ನಮ್ಮನ್ನು ಕರೆಯಬಂದಾಗ, ಯಾವ ವಿಷಯವನ್ನು ಕುರಿತು ಮಾತಾಡಬೇಕೆಂದು ಕೇಳಿದೆವು. “ಸಮಾಜಸೇವೆಯನ್ನು ಕುರಿತು ನಾಲ್ಕು ಮಾತು” ಎಂದರು. ಸೇವೆಯನ್ನು ಕುರಿತು ನಾಲ್ಕು ಮಾತು ಹೇಳುವವರಿಗೆ ನಮ್ಮ ನಾಡಿನಲ್ಲಿ ಎಂದೂ ಕೊರತೆಯಾದದ್ದಿಲ್ಲ. ಕೇಳಿ ಚಪ್ಪಾಳೆಯಿಕ್ಕುವವರಿಗೂ ಇಲ್ಲ. ಆದಕಾರಣ ವಿಷಯವನ್ನು ತುಸು ಬದಲಿಸಿಕೊಂಡು ಬಂದಿದ್ದೇವೆ. ನಿಮ್ಮಲ್ಲಿ ಕೆಲವರು ಮುಂದಿನ ವರ್ಷ ಪದವೀಧರರಾಗುವವರು. ಬ್ಯಾಂಕು, ಶಾಲೆ, ಕಚೇರಿಗಳ ಅರ್ಜಿಗಳನ್ನು ಈಗಾಗಲೇ ತುಂಬುತ್ತಿರುವವರು. ಅಂಥವರ ಮುಂದೆ ಸಮಾಜಕಾರ್ಯವನ್ನು ಒಂದು ವೃತ್ತಿಯೆಂದು, ಅಂದರೆ ಕಲಿತು ಮಾಡಬೇಕಾದ ಮತ್ತು ಮಾಡಿ ಹೊಟ್ಟೆ ಹೊರೆಯಬಹುದಾದ ಕೆಲಸವೆಂದು, ಇಡಬಯಸುತ್ತೇವೆ.

ಈ ಮಾತು ಹೊರಟ ಕೂಡಲೆ ಒಂದು ಆಕ್ಷೇಪ ಎದ್ದು ನಿಲ್ಲುತ್ತದೆ. ಹೋದ ವರ್ಷ ಇಂಥದೇ ಒಂದು ಸಭೆ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನ ತಂದೆ ನಮ್ಮನ್ನು ಬಾಗಿಲಲ್ಲಿ ತಡೆದು, “ಸಂಬಳಾ ತಗೊಂಡು ಮಾಡೂದಕ್ಕ ಸೇವಾ ಅಂತಾರೇನ್ರಿ?” ಎಂದು ಕೇಳಿದರು. ಅವರ ಧ್ವನಿಯಲ್ಲಿ ಕುಚೋದ್ಯವಿರಲಿಲ್ಲ. ದಾಸೋಹದ ನಾಡಿನಲ್ಲಿ ಹುಟ್ಟಿ ಬೆಳೆದ ಹಿರಿಯರಿಗೆ ಈ ಸಂಶಯ ಬರುವದು ಸಹಜವೇ ಸರಿ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಬಿಡಿಕಾಸು ಕೊಡದೆ ಉಂಡು ಓದಿದ್ದಾರೆ. ಅಲ್ಲಿ ಯಾರು ಯಾರಿಗೆ ಪಗಾರ ಲೆಕ್ಕ ಹಾಕಿದರು? ಹೀಗೆ ಕೇಳುವವರಿಗೆ ಕೂಡಲೆ ಒಂದು ಗಾದೆ ಹೇಳಿ ಕಳಿಸಬಹುದಾಗಿತ್ತು. ಆದರೆ ಆ ಪ್ರಶ್ನೆ ನಮ್ಮ ಬೆನ್ನು ಬಿಡಲಿಲ್ಲ. ಇಂದಿನ ಭಾಷಣವೆಲ್ಲ ಆ ಹಿರಿಯರಿಗೆ ತಡವಾಗಿ ಕೊಡುವ ಉತ್ತರವೆಂದು ತಿಳಿಯಿರಿ.

ಉತ್ತರಕ್ಕೆ ಮೊದಲು ನಮ್ಮದೇ ಒಂದು ತಪ್ಪಿನ ಕಥೆಯನ್ನು ಹೇಳಬೇಕಾಗಿದೆ.

ನಮಗೆ ಆಗ ಇಪ್ಪತ್ತೆರಡು ವರ್ಷ. ಸ್ನಾತಕೋತ್ತರ ತರಗತಿ ಸೇರಿ ಮೂರು ತಿಂಗಳಾಗಿತ್ತು. ಸಮಾಜಕಾರ್ಯದ ಶಿಕ್ಷಣದಲ್ಲಿ ವಾರದ ಎರಡು ದಿನ ತರಗತಿಯ ಪಾಠವಿರುವದಿಲ್ಲ. ವಿದ್ಯಾರ್ಥಿಯು ಆಸ್ಪತ್ರೆ, ಬಾಲಮಂದಿರ, ಕೊಳೆಗೇರಿ, ಕಾರ್ಖಾನೆ ಇವುಗಳಲ್ಲೊಂದಕ್ಕೆ ಹೋಗಿ ಮೇಲ್ವಿಚಾರಕರ ಕೈಕೆಳಗೆ ಕೆಲಸ ಕಲಿಯಬೇಕು. ಇದಕ್ಕೆ ಕ್ಷೇತ್ರಕಾರ್ಯವೆಂದು ಹೆಸರು. ನಮ್ಮನ್ನು ಕ್ಷಯರೋಗದ ಕೇಂದ್ರವೊಂದಕ್ಕೆ ಹಾಕಿದ್ದರು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧ ತೆಗೆದುಕೊಳ್ಳಬೇಕು. ಆಗಿನ ಪದ್ಧತಿಯಲ್ಲಿ ಮೊದಲಿನ ಎರಡು ತಿಂಗಳು ವಾರಕ್ಕೆ ಮೂರು ಸಲ ಕೇಂದ್ರಕ್ಕೆ ಬಂದು ಸಿಬ್ಬಂದಿಯ ಕಣ್ಣೆದುರಿಗೇ ಮಾತ್ರೆ ನುಂಗಬೇಕಾಗಿತ್ತು. ಕೆಲವೇ ವಾರಗಳಲ್ಲಿ ಕೆಮ್ಮು ಕಡಿಮೆಯಾಗುತ್ತದೆ, ಮೈತುಂಬಿಕೊಳ್ಳುತ್ತದೆ. ರೋಗ ಹೋಯಿತೆಂದು ಮನುಷ್ಯ ತಿಳಿಯುತ್ತಾನೆ. ಅಲ್ಲಿಗೇ ನಿಲ್ಲಿಸಿದರೆ ಒಳಗುಳಿದ ರೋಗಾಣುಗಳು ಔಷಧಕ್ಕೆ ಬಗ್ಗದವಾಗಿ ತಿರುಗಿ ಬೀಳುವ ಭಯವುಂಟು.

ಮಗ್ಗದ ಕೆಲಸಗಾರನೊಬ್ಬ ಐದನೆಯ ವಾರದಿಂದ ಬರುವದನ್ನು ಬಿಟ್ಟಿದ್ದ. ದಾಖಲೆಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪುಗೆರೆ ಬಿದ್ದಿತ್ತು. ನಾವು ವಿಳಾಸ ಹಿಡಿದುಕೊಂಡು ಹುರುಪಿನಿಂದ ಹೊರಟೆವು. ಓಣಿ ಇಕ್ಕಟ್ಟಿನದು, ಮನೆಗೆ ಮನೆ ತಾಗಿದೆ. ಬಾಗಿಲು ತೆರೆದಿತ್ತು. ಹೊಸ್ತಿಲಾಚೆ ನಿಂತು, ಮಗ್ಗದ ಸದ್ದಿನಲ್ಲಿ ಕೇಳಿಸಲೆಂದು ಗಟ್ಟಿಯಾಗಿ, ಕ್ಷಯದ ಔಷಧವನ್ನು ಏಕೆ ನಿಲ್ಲಿಸಿದಿರೆಂದು ಕೇಳಿದೆವು. ನಡುವೆ ಬಿಟ್ಟರೆ ಮನೆಯ ಮಕ್ಕಳಿಗೂ ತಗಲುವದೆಂದು ಉಪದೇಶಿಸಿದೆವು. ಆತ ಮಗ್ಗ ನಿಲ್ಲಿಸಿ ನಮ್ಮನ್ನು ನೋಡಿದ. ಏನೂ ಹೇಳಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ ಇಬ್ಬರು ಹೆಂಗಸರು ಎದ್ದು ಒಳಗೆ ಹೋದರು. ನಮಗೆ ಆ ಏಳುವಿಕೆಯ ಅರ್ಥವಾಗಲಿಲ್ಲ.

ಕೇಂದ್ರಕ್ಕೆ ಮರಳಿ ವರದಿಯಲ್ಲಿ “ರೋಗಿ ಸಹಕರಿಸುತ್ತಿಲ್ಲ” ಎಂದು ಒಂದೇ ಸಾಲು ಬರೆದೆವು. ನಮ್ಮ ಮೇಲ್ವಿಚಾರಕಿಯು ಆ ಸಾಲನ್ನು ಓದಿ, ಸಿಟ್ಟಾಗದೆ, ಪೆನ್ಸಿಲು ತೆಗೆದು ಅದರ ಮೇಲೆ ಗೆರೆಯೆಳೆದರು. “ಮನೆಯಲ್ಲಿ ಗಳಿಸುವವರು ಎಷ್ಟು ಜನ? ಮಗ್ಗ ಬೆಳಿಗ್ಗೆ ಎಷ್ಟು ಗಂಟೆಗೆ ಸುರುವಾಗುತ್ತದೆ? ನಮ್ಮ ಕೇಂದ್ರದ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ? ಅಲ್ಲಿಂದ ಇಲ್ಲಿಗೆ ಬಸ್ಸಿನ ದರವೇನು? ಅವರು ಕೆಲಸ ಮಾಡುವದು ಕೂಲಿಗೋ, ಗಜದ ಲೆಕ್ಕಕ್ಕೋ?” ಎಂದು ಒಂದೊಂದಾಗಿ ಕೇಳಿದರು. ಒಂದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಕಡೆಗೆ, “ನೀವು ಮಾತಾಡುವಾಗ ಹತ್ತಿರದಲ್ಲಿ ಯಾರಿದ್ದರು?” ಎಂದರು. ಇದಕ್ಕೆ ಮಾತ್ರ ಉತ್ತರವಿತ್ತು. ಅದನ್ನು ಹೇಳುತ್ತಿರುವಾಗಲೇ ನಮಗೆ ನಾವು ಮಾಡಿದ್ದು ಗೊತ್ತಾಯಿತು.

ಆ ಮನೆಯಲ್ಲಿ ಮದುವೆಗೆ ಬಂದ ತಂಗಿಯೊಬ್ಬಳಿದ್ದಳು. ಸಂಬಂಧ ಮಾತಾಗಿತ್ತು, ವೀಳ್ಯ ಮಾತ್ರ ಉಳಿದಿತ್ತು. ಗಂಡಿನ ಕಡೆಯವರ ದೂರದ ನೆಂಟರೊಬ್ಬರು ಅದೇ ಓಣಿಯಲ್ಲಿದ್ದರು. ಎಂಟು ದಿನಗಳಲ್ಲಿ ಸಂಬಂಧ ಮುರಿಯಿತು.

ಆಮೇಲೆ ಮೇಲ್ವಿಚಾರಕಿಯೇ ನಮ್ಮನ್ನು ಕರೆದುಕೊಂಡು ಆ ಮನೆಗೆ ಹೋದರು. ಈ ಸಲ ಒಳಗೆ ಕರೆಯುವ ತನಕ ಕಾದೆವು, ಚಾಪೆಯ ಮೇಲೆ ಕುಳಿತೆವು. ಅರ್ಧ ತಾಸು ನೂಲಿನ ದರದ ಮಾತೇ ನಡೆಯಿತು. ಆಮೇಲೆ ಒಂದೊಂದೇ ವಿಷಯ ಹೊರಬಿತ್ತು. ಕೇಂದ್ರ ತೆರೆಯುವ ವೇಳೆಗೆ ಮಗ್ಗ ನಿಲ್ಲಿಸಿ ಬಂದರೆ ಆ ದಿನದ ಅರ್ಧ ಗಳಿಕೆ ಹೋಗುತ್ತಿತ್ತು. ವಾರಕ್ಕೆ ಮೂರು ಸಲ ಹಾಗಾದರೆ ಮಾಲಕನು ಬೇರೊಬ್ಬನನ್ನು ಕೂಡಿಸುವ ಭಯವಿತ್ತು. ತಂಗಿಯ ಮದುವೆಯ ಸಲುವಾಗಿ ಸಾಲ ಬೇರೆ ಎತ್ತಲಾಗಿತ್ತು. ನಾವು ‘ಅಸಹಕಾರ’ವೆಂದು ಬರೆದದ್ದು ಆ ಮನುಷ್ಯನ ಮಟ್ಟಿಗೆ ಲೆಕ್ಕಾಚಾರವಾಗಿತ್ತು, ಅದೂ ತಪ್ಪಿಲ್ಲದ ಲೆಕ್ಕಾಚಾರ. ಆಗಿನ ನಿಯಮದಲ್ಲಿ, ಮನೆಯವರಲ್ಲದ, ಊರಿನ ನಂಬಿಗಸ್ತರೊಬ್ಬರ ಕೈಯಲ್ಲಿಯೂ ಔಷಧವನ್ನು ಇಟ್ಟು ಕೊಡಿಸಬಹುದಾಗಿತ್ತು. ಹಿಂದಿನ ಓಣಿಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರರೊಬ್ಬರಿದ್ದರು. ಅವರು ಒಪ್ಪಿದರು. ಬೆಳಿಗ್ಗೆ ಆರು ಗಂಟೆಗೆ, ಮಗ್ಗ ಏಳುವ ಮೊದಲು, ಈತ ಅವರ ಮನೆಗೆ ಹಾಲು ಕೊಡುವ ನೆಪದಿಂದ ಹೋಗಿ ಮಾತ್ರೆ ತೆಗೆದುಕೊಂಡು ಬರುತ್ತಿದ್ದ. ಔಷಧ ಪೂರ್ತಿಯಾಯಿತು, ರೋಗ ಗುಣವಾಯಿತು. ಆ ಸಂಬಂಧ ಮಾತ್ರ ಮತ್ತೆ ಕೂಡಲಿಲ್ಲ. ಆ ತಂಗಿ ನಮ್ಮೆದುರಿಗೆ ಒಮ್ಮೆಯೂ ಮಾತಾಡಿದವಳಲ್ಲ. ಪ್ರತಿ ಸಲವೂ ನೀರು ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಮಿತ್ರರೆ, ಆ ದಿನ ನಮ್ಮಲ್ಲಿ ಕನಿಕರಕ್ಕೆ ಕೊರತೆಯಿತ್ತೇ? ಇರಲಿಲ್ಲ. ಬಿಸಿಲಿನಲ್ಲಿ ಎರಡು ಮೈಲಿ ನಡೆದು ಹೋಗಿದ್ದೆವು. ಸಂಬಳವೂ ಇರಲಿಲ್ಲ, ಆ ಹಿರಿಯರ ಅಳತೆಯಲ್ಲಿ ಅದು ಅಪ್ಪಟ ಸೇವೆಯೇ. ಕೊರತೆಯಿದ್ದದ್ದು ವಿದ್ಯೆಗೆ. ಅನ್ಯರ ಮನೆಯ ಹೊಸ್ತಿಲಲ್ಲಿ ಹೇಗೆ ನಿಲ್ಲಬೇಕು, ಯಾವುದನ್ನು ಮೊದಲು ಕೇಳಬೇಕು, ಕೇಳಿದ್ದನ್ನು ಯಾರ ಮುಂದೆ ಆಡಬಾರದು, ನಮ್ಮ ಪರಿಹಾರವನ್ನು ಅವರ ಮೇಲೆ ಹೇರದೆ ಅವರ ನಿರ್ಣಯ ಅವರದೇ ಆಗುವಂತೆ ಹೇಗೆ ನೆರವಾಗಬೇಕು ಎಂಬುದೆಲ್ಲ ಒಂದು ವಿದ್ಯೆ. ಅದು ಸ್ವಭಾವದಿಂದ ಕೆಲವರಿಗೆ ಸ್ವಲ್ಪ ಬಂದಿರಬಹುದು; ಉಳಿದವರು ಕಲಿಯಬೇಕು. ಕಲಿಯದೆ ಮಾಡಿದರೆ ಬೆಲೆ ತೆರುವವರು ನಾವಲ್ಲ.

ಈ ವಿದ್ಯೆಯು ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಲಂಡನ್ನಿನಲ್ಲಿ 1869ರಲ್ಲಿ ದಾನಗಳನ್ನು ವ್ಯವಸ್ಥೆಗೊಳಿಸುವ ಸಂಘವೊಂದು ಹುಟ್ಟಿತು. 1884ರಲ್ಲಿ ಅದೇ ನಗರದ ಬಡವರ ಕೇರಿಯಲ್ಲಿ ವಿಶ್ವವಿದ್ಯಾಲಯದ ತರುಣರೇ ಬಂದು ವಾಸಿಸುವ ಟಾಯ್ನ್‌ಬೀ ಹಾಲ್ ಎಂಬ ನಿವಾಸ ಏರ್ಪಟ್ಟಿತು. ಅದನ್ನು ಕಂಡು ಬಂದ ಜೇನ್ ಆಡಮ್ಸ್ ಎಂಬ ಮಹಿಳೆಯು 1889ರಲ್ಲಿ ಚಿಕಾಗೋದಲ್ಲಿ ಹಲ್ ಹೌಸ್ ತೆರೆದರು. ದಾನಸಂಘದಲ್ಲಿ ದುಡಿದ ಮೇರಿ ರಿಚ್ಮಂಡ್ ಎಂಬವರು, ಈ ಕೆಲಸಕ್ಕೆ ತರಬೇತಿಯ ಶಾಲೆ ಬೇಕೆಂದು 1897ರಲ್ಲಿ ವಾದಿಸಿದರು; ಮರುವರ್ಷವೇ ನ್ಯೂಯಾರ್ಕಿನಲ್ಲಿ ಬೇಸಗೆಯ ತರಗತಿಯೊಂದು ನಡೆಯಿತು.

ಆದರೆ 1915ರಲ್ಲಿ ಒಂದು ಸ್ವಾರಸ್ಯದ ಸಂಗತಿ ನಡೆಯಿತು. ಅಮೇರಿಕೆಯ ವೈದ್ಯಶಾಲೆಗಳ ಹುಳುಕನ್ನು ಬಯಲಿಗೆಳೆದು ಹೆಸರಾಗಿದ್ದ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಪಂಡಿತರನ್ನು ಸಮಾಜಕಾರ್ಯಕರ್ತರು ತಮ್ಮ ಸಮ್ಮೇಲನಕ್ಕೆ ಕರೆದು, ತಮ್ಮದು ವೃತ್ತಿಯೋ ಅಲ್ಲವೋ ಹೇಳಬೇಕೆಂದು ಕೇಳಿಕೊಂಡರು. ಬಂದವರು ಹೊಗಳಿ ಹೋಗಬಹುದೆಂದು ಎಣಿಸಿದ್ದರೋ ಏನೋ! ಅವರು ಅಲ್ಲವೆಂದರು. ವೈದ್ಯನಿಗೆ ರೋಗವುಂಟು, ವಕೀಲನಿಗೆ ಕಾಯಿದೆಯುಂಟು; ನೀವು ಅವರಿವರ ಬಳಿಗೆ ಜನರನ್ನು ಮುಟ್ಟಿಸುವ ಮಧ್ಯವರ್ತಿಗಳು, ನಿಮ್ಮದೇ ಆದ ವಿದ್ಯೆ ಯಾವುದು ಎಂಬುದು ಅವರ ವಾದದ ತಿರುಳು. ಎರಡು ವರ್ಷಗಳ ತರುವಾಯ ರಿಚ್ಮಂಡರ ದೊಡ್ಡ ಗ್ರಂಥ ಹೊರಬಿದ್ದಿತು. ಮನುಷ್ಯನ ಸಂಕಟವನ್ನು ಅವನ ಮನೆ, ನೆರೆ, ಗಳಿಕೆ, ಬಂಧುಬಳಗಗಳ ನಡುವೆಯಿಟ್ಟು ವಿಧಿವತ್ತಾಗಿ ಅರಿಯುವದು ಹೇಗೆಂಬುದೇ ಅದರ ವಿಷಯ. ನಮ್ಮ ಮೇಲ್ವಿಚಾರಕಿಯು ಕೇಳಿದ ಬಸ್ಸಿನ ದರದ ಪ್ರಶ್ನೆಯು ಆ ಪರಂಪರೆಯಿಂದ ಬಂದದ್ದು. ಫ್ಲೆಕ್ಸ್‌ನರರ ಪ್ರಶ್ನೆಗೆ ಪೂರ್ಣವಾದ ಉತ್ತರ ಸಿಕ್ಕಿತೆಂದು ನಾವು ಹೇಳುವದಿಲ್ಲ. ಈ ವೃತ್ತಿಯವರು ಅದನ್ನು ಆಗಾಗ ತಮಗೆ ತಾವೇ ಕೇಳಿಕೊಳ್ಳುವದು ಒಳ್ಳೆಯದೇ.

ಇನ್ನು ನಮ್ಮ ದೇಶದ ಮಾತು. ಸೇವೆಗೆ ಸಿದ್ಧತೆ ಬೇಕೆಂಬ ವಿಚಾರವು ಪರದೇಶದಿಂದಲೇ ಬಂದಿತೆಂದು ತಿಳಿಯಬೇಡಿರಿ. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದಾಗ, ಸದಸ್ಯನು ಮೊದಲ ಐದು ವರ್ಷ ತರಬೇತಿಯಲ್ಲಿ ಕಳೆಯಬೇಕೆಂದು ನಿಯಮ ಮಾಡಿದರು. ಸಂಸಾರಕ್ಕೆ ಬೇಕಾದಷ್ಟು ನಿರ್ವಾಹವೇತನವನ್ನೂ ಗೊತ್ತುಪಡಿಸಿದರು. ಗೋಖಲೆಯವರ ತ್ಯಾಗವನ್ನು ಶಂಕಿಸುವವರು ಯಾರಿದ್ದಾರೆ? ಹೊಟ್ಟೆಗಿಲ್ಲದವನು ಹತ್ತು ವರ್ಷ ಒಂದೇ ಕೆಲಸದಲ್ಲಿ ನಿಲ್ಲಲಾರನೆಂಬುದನ್ನು ಅವರು ಬಲ್ಲವರಾಗಿದ್ದರು.

ನಮ್ಮ ಕರಾವಳಿಯ ಕುದ್ಮುಲ್ ರಂಗರಾಯರನ್ನು ನೆನೆಯದೆ ಈ ಮಾತು ಮುಂದೆ ಸಾಗದು. 1859ರಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲಿ ಮಾಡಿಕೊಂಡಿದ್ದ ಈ ಪುಣ್ಯಪುರುಷರು 1892ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿದರು. ಸ್ವಜಾತಿಯವರ ಬಹಿಷ್ಕಾರವನ್ನು ಉಂಡರು. ಅವರ ಕೆಲಸದ ರೀತಿಯನ್ನು ಗಮನಿಸಿರಿ. ಅಕ್ಷರ ಕಲಿಸಿದರೆ ಸಾಕೆಂದು ಅವರು ಬಿಡಲಿಲ್ಲ. ಹಸಿದ ಮಗು ಕಲಿಯಲಾರದೆಂದು ಮಧ್ಯಾಹ್ನದ ಊಟ ಹಾಕಿದರು, ಕಲಿತವನಿಗೆ ಬದುಕು ಬೇಕೆಂದು ನೇಯ್ಗೆಯಂಥ ಕೈಕಸಬು ಹಚ್ಚಿದರು. ತಮ್ಮ ಶಾಲೆಯಲ್ಲಿ ಕಲಿತ ಹುಡುಗನು ದೊಡ್ಡ ಹುದ್ದೆಗೇರಿ, ಅವನ ಮೋಟಾರಿನ ಧೂಳು ತಮ್ಮ ತಲೆಗೆ ತಾಕಿದರೆ ಜನ್ಮ ಸಾರ್ಥಕವೆಂಬುದು ಅವರ ಆಸೆಯಾಗಿತ್ತೆಂದು ಮಂಗಳೂರಿನವರೆಲ್ಲ ಹೇಳುತ್ತಾರೆ. ದಾನ ಕೊಟ್ಟವನು ಪಡೆದವನ ಕೈ ಎಂದೆಂದಿಗೂ ಕೆಳಗಿರಲೆಂದು ಬಯಸುವದುಂಟು. ರಂಗರಾಯರು ಪಡೆದವನ ಗಾಡಿಯ ಕೆಳಗಿನ ಧೂಳನ್ನು ಬಯಸಿದರು. 1928ರಲ್ಲಿ ಅವರು ತೀರಿಕೊಂಡರು. ಅದೇ ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯವೆಂಬ ಸಮಾಜಕಾರ್ಯದ ಶಾಲೆ ಆರಂಭವಾಯಿತು.

ಇಡೀ ದೇಶದಲ್ಲಿ ಮೊದಲನೆಯ ಶಾಲೆ ಮಾತ್ರ ಮುಂಬಯಿಯದು. ನಾಗಪಾಡಾದ ಕೂಲಿಕಾರರ ನಡುವೆ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೇರಿಕೆಯ ಪಾದ್ರಿಯ ನೇತೃತ್ವದಲ್ಲಿ, ದೊರಾಬ್ಜಿ ಟಾಟಾ ನಿಧಿಯ ನೆರವಿನಿಂದ 1936ರಲ್ಲಿ ಅದು ಹುಟ್ಟಿತು. 1944ರಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರಾಯಿತು. ಈಗ ನಮ್ಮ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್.ಡಬ್ಲ್ಯೂ. ಪದವಿಯ ಎರಡು ವರ್ಷದ ಶಿಕ್ಷಣ ದೊರೆಯುತ್ತದೆ. ಯಾವ ವಿಷಯದ ಪದವೀಧರರಾದರೂ ಸಾಮಾನ್ಯವಾಗಿ ಅರ್ಜಿ ಹಾಕಬಹುದು.

ಕಲಿತ ಮೇಲೆ ಮಾಡುವದೇನು ಎಂದು ಕೇಳುವಿರಿ. 1948ರ ಕಾರ್ಖಾನೆಗಳ ಕಾಯಿದೆಯು ಐನೂರು ಇಲ್ಲವೆ ಹೆಚ್ಚು ಕೆಲಸಗಾರರಿದ್ದಲ್ಲಿ ಕಲ್ಯಾಣಾಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿದಾಗ ಈ ಪದವೀಧರರಿಗೆ ದೊಡ್ಡ ಬಾಗಿಲು ತೆರೆಯಿತು. ಬಹುಕಾಲ ವಿದ್ಯಾರ್ಥಿಗಳು ಆ ಬಾಗಿಲಿಗೇ ಮುಗಿಬಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋರೋಗಿಗಳ ಕುಟುಂಬಗಳೊಡನೆ ಕೆಲಸ ಮಾಡುವ ವಿಶೇಷ ಶಿಕ್ಷಣವುಂಟು. ಆ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ತಪ್ಪುಮಾಡಿದನೆಂದು ಆರೋಪಿತನಾದ ಬಾಲಕನ ವಿಚಾರಣೆಯಲ್ಲಿ ನ್ಯಾಯಾಧೀಶರ ಜೊತೆಗೆ ಇಬ್ಬರು ಸಮಾಜಕಾರ್ಯಕರ್ತರು ಕೂಡುತ್ತಾರೆ, ಅವರಲ್ಲೊಬ್ಬರು ಮಹಿಳೆಯಾಗಿರಲೇಬೇಕು. ಮಗು ಕಳವು ಮಾಡಿತೋ ಇಲ್ಲವೋ ಎಂಬ ಪ್ರಶ್ನೆಯ ಪಕ್ಕದಲ್ಲಿ ಆ ಮಗು ಯಾರದು, ಎಲ್ಲಿ ಮಲಗುತ್ತದೆ ಎಂಬ ಪ್ರಶ್ನೆಗೂ ಕಾಯಿದೆಯೇ ಕುರ್ಚಿ ಹಾಕಿಕೊಟ್ಟಿದೆ ಎಂದಂತಾಯಿತು.

ಕಹಿಯನ್ನೂ ಮುಚ್ಚಿಡುವದಿಲ್ಲ. ಅನೇಕ ಹುದ್ದೆಗಳು ವರುಷ ವರುಷಕ್ಕೆ ಕರಾರು ಬದಲಾಗುವಂಥವು, ಸಂಬಳ ಅಲ್ಪ, ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಕರಾರಿನ ಕೆಲಸಗಾರ ಹೋದ ದಿನ ಅವನನ್ನು ನಂಬಿದ ಇಪ್ಪತ್ತು ಮನೆಗಳು ಮೊದಲಿನಿಂದ ಹೊಸಬನಿಗೆ ತಮ್ಮ ಕಥೆ ಹೇಳಬೇಕಾಗುತ್ತದೆ. ವಕೀಲರಿಗಿರುವಂತೆ ಸಮಾಜಕಾರ್ಯಕ್ಕೆಲ್ಲ ಒಂದೇ ಪರಿಷತ್ತನ್ನು ಸ್ಥಾಪಿಸುವ ಕೇಂದ್ರ ಶಾಸನ ಬಂದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮನೋವೈದ್ಯಕೀಯ ಸಮಾಜಕಾರ್ಯಕರ್ತನ ಅರ್ಹತೆಯನ್ನು ವಿವರಿಸಿದೆ. 2021ರ ಸಹವೈದ್ಯಕೀಯ ವೃತ್ತಿಗಳ ಕಾಯಿದೆಯೂ ಆಸ್ಪತ್ರೆಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಉಳಿದ ಕ್ಷೇತ್ರಗಳಲ್ಲಿ ಈ ಹೆಸರನ್ನು ಯಾರು ಬೇಕಾದರೂ ಹೊತ್ತು ತಿರುಗಬಹುದು. ನಾಲ್ಕು ಕಂಬಳಿ ಹಂಚಿ, ನಲವತ್ತು ಭಾವಚಿತ್ರ ತೆಗೆಯಿಸಿಕೊಂಡವರೂ ಮರುದಿನದ ಪತ್ರಿಕೆಯಲ್ಲಿ ಸಮಾಜಕಾರ್ಯಕರ್ತರೇ! ಕಂಬಳಿ ಇಸಿದುಕೊಳ್ಳುವ ಮುದುಕಿಯ ಮುಖವನ್ನು ಊರಿಗೆಲ್ಲ ತೋರಿಸಲು ಆಕೆಯ ಅಪ್ಪಣೆ ಯಾರು ಕೇಳಿದರು? ನಮ್ಮ ಓಣಿಯ ತಪ್ಪಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಇನ್ನೊಂದು ಮಾತನ್ನು ಈ ಸಭೆಯಲ್ಲಿ ಒತ್ತಿ ಹೇಳದೆ ಇರಲಾರೆವು. ಈ ವೃತ್ತಿಯ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ವರದಿಗಳನ್ನೂ ಹಲವೆಡೆ ಇಂಗ್ಲಿಷಿನಲ್ಲಿಯೇ ಬರೆಯುತ್ತಾರೆ. ಆದರೆ ಸಂಕಟವು ಇಂಗ್ಲಿಷಿನಲ್ಲಿ ಬರುವದಿಲ್ಲ. ಕೊಪ್ಪಳದ ಹೆಣ್ಣುಮಗಳು ವೈದ್ಯರ ಮುಂದೆ ಕುಳಿತು, “ಜೀವಾ ಬ್ಯಾಸರಾಗೇತ್ರಿ, ಎದಿ ಭಾರಾಗೇತಿ” ಎನ್ನುತ್ತಾಳೆ. ಅದನ್ನು ವಿದ್ಯಾರ್ಥಿಯು ಎರಡು ಪರಭಾಷೆಯ ಪದಗಳಲ್ಲಿ ಬರೆದು ಮುಗಿಸುತ್ತಾನೆ. ಜೀವ ಬೇಸರವಾದದ್ದು ಯಾವಾಗಿನಿಂದ, ಎದೆ ಭಾರವಾಗುವದು ಯಾರು ಮನೆಗೆ ಬಂದಾಗ, ಎಂಬ ಎಳೆಗಳೆಲ್ಲ ಆ ಎರಡು ಪದಗಳಲ್ಲಿ ಕಡಿದು ಹೋಗುತ್ತವೆ. ಅದಲ್ಲದೆ, ತನ್ನ ಬಗ್ಗೆ ಬರೆದ ಕಾಗದವನ್ನು ಆ ಹೆಣ್ಣುಮಗಳು ಓದಿಸಿಕೊಂಡು, “ಹೀಂಗಲ್ಲರೀ, ಹಾಂಗ” ಎಂದು ತಿದ್ದಲಾರಳು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಪ್ರಾಧ್ಯಾಪಕರಾಗಿದ್ದ ಎಚ್. ಎಂ. ಮರುಳಸಿದ್ಧಯ್ಯನವರಂಥವರು ಈ ಶಾಸ್ತ್ರವನ್ನು ಕನ್ನಡದಲ್ಲಿ ಬರೆದು ದಾರಿ ತೋರಿದರು. ಅಷ್ಟು ಸಾಲದು. ಧಾರವಾಡದ, ಕಲಬುರ್ಗಿಯ, ಕೋಲಾರದ, ಉಡುಪಿಯ ಕನ್ನಡಗಳಲ್ಲಿ ಜನರು ತಮ್ಮ ನೋವನ್ನು ಯಾವ ಯಾವ ಮಾತುಗಳಿಂದ ಹೇಳುತ್ತಾರೆಂಬುದನ್ನು ಸಂಗ್ರಹಿಸುವ ಕೆಲಸವನ್ನು ನಿಮ್ಮಲ್ಲಿ ಒಬ್ಬಿಬ್ಬರಾದರೂ ಕೈಕೊಂಡರೆ, ಅದು ದೊಡ್ಡ ಗ್ರಂಥವೇ ಆದೀತು. ಕನ್ನಡ ಎಂ.ಎ. ಓದುವ ಮಿತ್ರರೂ ಇಲ್ಲಿದ್ದೀರಿ; ಇದು ಬರಿಯ ಸಮಾಜಕಾರ್ಯದವರಿಗೆ ಬಿಟ್ಟದ್ದಲ್ಲ.

ಇನ್ನು ಆ ತಂದೆಯ ಪ್ರಶ್ನೆ. ಸಂಬಳ ತೆಗೆದುಕೊಂಡರೆ ಸೇವೆಯಾದೀತೇ? ನಮ್ಮ ನಾಡಿನಲ್ಲಿ ದಾಸೋಹವೆಂಬ ಮಾತಿನ ಜೊತೆಗೆ ಕಾಯಕವೆಂಬ ಮಾತೂ ಉಂಟು. ಒಂದನ್ನು ಹಿಡಿದು ಮತ್ತೊಂದನ್ನು ಬಿಟ್ಟವರಿಲ್ಲ. ಶಾಲೆಯ ಮಾಸ್ತರರು ಸಂಬಳ ಪಡೆಯುತ್ತಾರೆ. ಅವರ ಪಾಠವನ್ನು ವ್ಯಾಪಾರವೆನ್ನುತ್ತೇವೆಯೇ? ಸಂಬಳ ಪಡೆಯುವವನನ್ನು ನೀನು ನಿನ್ನೆ ಏಕೆ ಬರಲಿಲ್ಲವೆಂದು ಕೇಳಬಹುದು. ಗುಟ್ಟು ಬಯಲು ಮಾಡಿದರೆ ಜವಾಬು ಕೇಳಬಹುದು. ಪುಣ್ಯಕ್ಕಾಗಿ ಬಂದವನನ್ನು ಕೇಳುವದು ಹೇಗೆ? ಆ ಮಗ್ಗದ ಕೆಲಸಗಾರ ನಮ್ಮನ್ನು ಕೇಳಲಿಲ್ಲ. ನಾವು ಉಪಕಾರಕ್ಕೆಂದು ಬಂದವರೆಂದು ಸುಮ್ಮನಾದ. ಕೇಳಿದ್ದರೆ ನಮಗೆ ಲೇಸಾಗುತ್ತಿತ್ತು.

ಬರುವ ಶನಿವಾರ ನಾವು ಜಿಲ್ಲಾ ಆಸ್ಪತ್ರೆಗೆ ಹೋಗುವವರಿದ್ದೇವೆ. ನಿಮ್ಮಲ್ಲಿ ಆರು ಜನರನ್ನು ಜೊತೆಗೆ ಕರೆದುಕೊಳ್ಳಲು ಅಪ್ಪಣೆ ದೊರೆತಿದೆ. ಬರಲಿಚ್ಛಿಸುವವರು ಕಾರ್ಯದರ್ಶಿಗಳಲ್ಲಿ ಹೆಸರು ಕೊಡಿರಿ. ಒಂದು ವಹಿಯನ್ನೂ ಪೆನ್ಸಿಲನ್ನೂ ತನ್ನಿರಿ. ಚಿತ್ರ ತೆಗೆಯುವ ಫೋನುಗಳನ್ನು ಮನೆಯಲ್ಲಿಯೇ ಬಿಟ್ಟು ಬನ್ನಿರಿ. ವಹಿಯಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಬರೆಯಬಹುದು, ಹೆಸರುಗಳನ್ನು ಬರೆಯಕೂಡದು. ಬೆಳಿಗ್ಗೆ ಏಳೂವರೆಗೆ ಮುಂಬಾಗಿಲಲ್ಲಿ ಕೂಡೋಣ.